ಹೆಸರು ಜಾಸ್ತಿ, ಜಾಗ ಕಮ್ಮಿ

ಪತ್ರ: ಉಡುಪಿಯಲ್ಲಿ ಡಿಸೈನಿಂಗ್ ಮಾಡಿಕೊಂಡಿದ್ದೇನೆ. ಆಮಂತ್ರಣ, ಫ್ಲೆಕ್ಸ್, ಯಕ್ಷಗಾನದ ಹ್ಯಾಂಡ್‌ಬಿಲ್ ಎಲ್ಲ ಮಾಡುತ್ತೇನೆ. ಗಿರಾಕಿಗಳಿಗೆ ಟೇಸ್ಟೇ ಇಲ್ಲ, ಒಂದು ಕಾಗದದಲ್ಲಿ ಊರಿಡೀ ಹೆಸರು ತುಂಬಿಸಲು ಹೇಳುತ್ತಾರೆ. ವಾಟ್ಸಪ್‌ನಲ್ಲಿ ಮಸುಕು ಫೋಟೊ ಕಳಿಸುತ್ತಾರೆ. ಫೈನಲ್ ಆದ ಮೇಲೂ 'ಸಣ್ಣ ಚೇಂಜ್' ಮುಗಿಯುವುದಿಲ್ಲ. ದುಡ್ಡು ಕೇಳಿದರೆ 'ಕಂಪ್ಯೂಟರ್‌ನಲ್ಲಿ ಐದು ನಿಮಿಷದ ಕೆಲಸ ಅಲ್ವಾ' ಎನ್ನುತ್ತಾರೆ. ನೆಂಟರಂತೂ ದುಡ್ಡಿನ ಮಾತೇ ಎತ್ತುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ದೂರುಗಳಲ್ಲಿ ಮೊದಲನೆಯದನ್ನು ಮಾತ್ರ ನಾನು ಒಪ್ಪುವುದಿಲ್ಲ. ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಅಚ್ಚಾಗುವುದೇ ಹೆಸರಿಗಾಗಿ. ತಂತ್ರಿಗಳು, ಆಡಳಿತ ಮೊಕ್ತೇಸರರು, ಜೀರ್ಣೋದ್ಧಾರ ಸಮಿತಿ, ಮಹಿಳಾ ಸಮಿತಿ, ಮುಂಬೈ ಸಮಿತಿ, ಗುತ್ತಿನ ಮನೆಯವರು, ಯಾರನ್ನು ಬಿಡುತ್ತೀರಿ? ದುಡ್ಡು ಕೊಟ್ಟವರು, ಹಗಲು ರಾತ್ರಿ ದುಡಿದವರು ಕಾಗದ ಕೈಗೆ ಬಂದ ಕೂಡಲೇ ಹುಡುಕುವುದು ತಮ್ಮ ಹೆಸರನ್ನು. ಅರ್ಧ ಪುಟ ಖಾಲಿ ಬಿಟ್ಟು ನಡುವೆ ಒಂದು ದೀಪ ಇಟ್ಟರೆ ನಿಮಗೆ ಚಂದ ಕಾಣಬಹುದು. ಸಮಿತಿಯವರು ಅದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಇಷ್ಟು ಹೆಸರನ್ನು ಕಣ್ಣಿಗೆ ತ್ರಾಸ ಆಗದ ಹಾಗೆ ಕೂರಿಸುವುದೇ ನಮ್ಮ ಕಡೆಯ ಡಿಸೈನರ್‌ನ ನಿಜವಾದ ಕೆಲಸ.

ಅದಕ್ಕೆ ದಾರಿ ಇದೆ. ನಾಲ್ಕು ಫಾಂಟ್ ಬೆರೆಸಬೇಡಿ. ಒಂದೇ ಫಾಂಟ್ ಸಾಕು, ಹುದ್ದೆ ದಪ್ಪಕ್ಷರದಲ್ಲಿ, ಹೆಸರು ಸಾದಾ ಅಕ್ಷರದಲ್ಲಿ. ಬಳ್ಳಿ ಬಾರ್ಡರ್ ತೆಗೆದರೆ ಸುಮಾರು ಜಾಗ ಸಿಗುತ್ತದೆ. ಆ ಜಾಗವನ್ನು ಸಾಲುಗಳ ನಡುವೆ ಹಂಚಿ. ಕನ್ನಡಕ್ಕೆ ಇದು ಬೇಕೇ ಬೇಕು. ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್ ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದ ಅಳತೆಯ ಶೇ. 120, ಅಂದರೆ 12 ಪಾಯಿಂಟ್ ಅಕ್ಷರಕ್ಕೆ 14.4. ಇಂಗ್ಲಿಷಿಗೆ ಅದು ನಡೆಯುತ್ತದೆ. ನಮ್ಮಲ್ಲಿ 'ರಾಷ್ಟ್ರ'ದ ಒತ್ತು ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ 'ಶ್ರೀ'ಯ ಗುಡಿಸು ಮೇಲೆ ಏರುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. 17-18 ಪಾಯಿಂಟ್ ಇಡಿ. ಜಾಗ ಸಾಲದಿದ್ದರೆ ಅಕ್ಷರವನ್ನು ಒಂದು ಪಾಯಿಂಟ್ ಸಣ್ಣ ಮಾಡಿ, ಅಂತರಕ್ಕೆ ಕೈ ಹಾಕಬೇಡಿ.

ಇನ್ನು ಒತ್ತಕ್ಷರದ ಗೋಳು. ಫೋನಿನಲ್ಲಿ ಟೈಪ್ ಮಾಡಿದ ಮ್ಯಾಟರ್ ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ವ್ಯವಸ್ಥೆ. ಅದನ್ನು ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿದ ಹಳೆಯ ಆಸ್ಕಿ ಫಾಂಟ್‌ಗೆ ಸುಮ್ನೆ ಪೇಸ್ಟ್ ಮಾಡಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಕನ್ವರ್ಟ್ ಮಾಡಿದ ಮೇಲೂ ಕಣ್ಣು ಮುಚ್ಚಿ ನಂಬಬೇಡಿ. 'ಕಾರ್ಯದರ್ಶಿ' ಎಂಬ ಪದ ನೋಡಿ, ಅದರಲ್ಲಿ ಎರಡು ಅರ್ಕಾವೊತ್ತು ಇದೆ. ಎರಡೂ ಸರಿಯಾದ ಅಕ್ಷರದ ಪಕ್ಕದಲ್ಲಿದ್ದರೆ ಉಳಿದದ್ದೂ ಹೆಚ್ಚಾಗಿ ಸರಿ ಇರುತ್ತದೆ. ಯೂನಿಕೋಡ್‌ನಲ್ಲೇ ಕೆಲಸ ಮಾಡುವುದಾದರೆ ಇನ್‌ಡಿಸೈನ್‌ನಲ್ಲಿ ಒತ್ತುಗಳನ್ನು ಸರಿಯಾಗಿ ಕೂಡಿಸುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆರಿಸಿಕೊಳ್ಳಿ. ಇಲ್ಲದಿದ್ದರೆ ಒತ್ತುಗಳೆಲ್ಲ ಬಿಡಿ ಬಿಡಿಯಾಗಿ ನಿಲ್ಲುತ್ತವೆ. ಮತ್ತೊಂದು ಮಾತು: ಸಣ್ಣ ಅಕ್ಷರದ ಕಪ್ಪು ಬರೀ ಕಪ್ಪೇ ಆಗಿರಲಿ. ನಾಲ್ಕು ಬಣ್ಣ ಸೇರಿದ ಕಪ್ಪಾದರೆ, ಬಣ್ಣಕ್ಕೊಂದರಂತೆ ಇರುವ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಿನ ಸುತ್ತ ಬಣ್ಣದ ನೆರಳು ಬರುತ್ತದೆ. ಆಮೇಲೆ ಪ್ರೆಸ್ಸಿನವರನ್ನು ಬೈದು ಪ್ರಯೋಜನ ಇಲ್ಲ.

ಫೋಟೊ ವಿಷಯಕ್ಕೆ ಇಷ್ಟು ಕೋಪ ಬೇಡ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಮೊದಲೇ ಒಂದು ಮೆಸೇಜ್ ಹಾಕಿ. ಅಗಲದಲ್ಲಿ 1200 ಪಿಕ್ಸೆಲ್ ಇದ್ದರೆ ಅಚ್ಚಿನಲ್ಲಿ ನಾಲ್ಕು ಇಂಚಿಗೆ ಧಾರಾಳ. ಸ್ಟಾಂಪ್ ಗಾತ್ರದ ಮುಖಕ್ಕೆ ವಾಟ್ಸಪ್ ಫೋಟೊವೇ ಹೆಚ್ಚಾಯಿತು.

'ಸಣ್ಣ ಚೇಂಜ್' ಮಾತ್ರ ನಿಜವಾಗಿಯೂ ಸುಸ್ತು ಮಾಡುವ ಸಂಗತಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಇದೇ ಕರಾವಳಿಯಲ್ಲಿ ಕಲ್ಲಚ್ಚಿನಲ್ಲಿ ಹೊರಟಿತು. ಕಲ್ಲಿನ ಮೇಲೆ ಮೂಡಿದ್ದನ್ನು ತಿದ್ದುವ ಕಷ್ಟ ಎದುರು ನಿಂತವರಿಗೂ ಕಾಣುತ್ತಿತ್ತು. ನಿಮ್ಮ ಕಷ್ಟ ಪರದೆಯೊಳಗೆ ಇದೆ, ಗಿರಾಕಿಗೆ ಕಾಣುವುದಿಲ್ಲ. ಆದ್ದರಿಂದ ಅದಕ್ಕೊಂದು ರೇಟು ಇರಲಿ: ಎರಡು ಪ್ರೂಫ್ ಫ್ರೀ, ಮೂರನೆಯದಕ್ಕೆ ಇಷ್ಟು ಎಂದು ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಬರೆದುಕೊಡಿ. ಪ್ಲೇಟ್ ಹಾಕಿದ ಮೇಲೆ ಬದಲಾದರೆ ಪ್ಲೇಟಿನ ಖರ್ಚೂ ಅವರದ್ದೇ. ಮ್ಯಾಟರ್ ಪೂರ್ತಿ ಬಾರದೆ ಡಿಸೈನ್ ಶುರು ಮಾಡಲೇಬೇಡಿ. ಹೆಸರು ಸಿಗುತ್ತಾ ಹೋದ ಹಾಗೆ ಕಳಿಸುತ್ತೇವೆ ಎಂದರೆ, ಎಲ್ಲ ಸಿಕ್ಕಿದ ಮೇಲೆಯೇ ಕಳಿಸಿ ಅನ್ನಿ. ಪ್ರೂಫ್ ಒಪ್ಪುವವರು ಒಬ್ಬರೇ ಇರಲಿ. ವಾಟ್ಸಪ್ ಗ್ರೂಪಿಗೆ ಪ್ರೂಫ್ ಹಾಕಿದಿರೋ, ಸತ್ತಿರಿ. ಹೆಸರುಗಳ ಕ್ರಮಕ್ಕೆ ಕಾರ್ಯದರ್ಶಿಯವರ ಸಹಿಯನ್ನು ಕಾಗದದ ಪ್ರೂಫಿನ ಮೇಲೆಯೇ ಹಾಕಿಸಿಕೊಳ್ಳಿ. 'ನನ್ನ ಹೆಸರು ಅವರ ಕೆಳಗೆ ಯಾಕೆ ಬಂತು' ಎಂಬ ಜಗಳ ಆಗ ನಿಮ್ಮ ಅಂಗಡಿಗೆ ಬರುವುದಿಲ್ಲ, ಕಾರ್ಯದರ್ಶಿಯವರ ಮನೆಗೆ ಹೋಗುತ್ತದೆ.

ಬಾಕಿ ವಸೂಲಿಯನ್ನು ಮಳೆಗಾಲಕ್ಕೆ ಇಡಬೇಡಿ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ, ತುಳುನಾಡಿನ ಉತ್ಸವಗಳ ಹಂಗಾಮು ಮುಗಿಯುವ ದಿನ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮ ಜಾತ್ರೆ ನಿಲ್ಲುತ್ತವೆ, ನಿಮಗೂ ಕೆಲಸ ಕಮ್ಮಿ. ಅಷ್ಟರಲ್ಲಿ ಸಮಿತಿಗಳೂ ಲೆಕ್ಕ ಮುಗಿಸಿರುತ್ತವೆ. ಆಮೇಲೆ ಬಿಲ್ಲು ಹಿಡಿದುಕೊಂಡು ಹೋದರೆ 'ಮೊದಲೇ ಹೇಳಬಾರದಿತ್ತಾ' ಎನ್ನುತ್ತಾರೆ. ಅದರಲ್ಲಿ ಅವರ ತಪ್ಪೂ ಇಲ್ಲ.

ಕೊನೆಗೆ ನೆಂಟರು. ಇಲ್ಲಿ ರೇಟು ಕಾರ್ಡ್ ನಡೆಯುವುದಿಲ್ಲ, ಸುಮ್ನೆ ಮನಸ್ತಾಪ. ಮಾವನ ಮಗಳ ಮದುವೆ ಕಾಗದವಾದರೆ ಡಿಸೈನ್ ನನ್ನ ಉಡುಗೊರೆ ಎಂದು ನೀವೇ ಮೊದಲು ಹೇಳಿಬಿಡಿ, ಮರ್ಯಾದೆಯೂ ಉಳಿಯುತ್ತದೆ. ಪ್ರೆಸ್ಸಿನ ಬಿಲ್ಲು ಮಾತ್ರ ನೇರ ಮಾವನ ಹೆಸರಿಗೇ ಆಗಲಿ. ಮುಯ್ಯಿ ಕವರ್ ಬೇರೆ ಕೊಡಬೇಕಾ ಎಂದು ಮನೆಯಲ್ಲಿ ಕೇಳಿಕೊಳ್ಳಿ, ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

- ಸಂಪಾದಕ