ಜಗಲಿ ಬಿಟ್ಟ ಅತ್ತೆಯನ್ನು ಮತ್ತೆ ಹೊರಗೆ ಕರೆತರುವುದು ಹೇಗೆ?

ಪ್ರಶ್ನೆ: ಹಾಸನದ ಪೆನ್ಷನ್ ಮೊಹಲ್ಲಾದ ಇಕ್ಕಟ್ಟು ಬೀದಿಯಲ್ಲಿ ನಮ್ಮ ಮನೆ. 2020ರ ಲಾಕ್‌ಡೌನ್‌ಗೆ ಮುಂಚೆ ನಮ್ಮ ಅತ್ತೆ (68) ಸಂಜೆ ಜಗಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದರು. ಈಗ ಟಿ.ವಿ.ಯಲ್ಲಿ ಯಾವುದೇ ಹೊಸ ಜ್ವರದ ಸುದ್ದಿ ಬಂದರೂ ಬಾಗಿಲು, ಕಿಟಕಿ ಎರಡನ್ನೂ ಹಾಕಿಸುತ್ತಾರೆ. ಹೊರಗೆ ಕರೆದರೆ ಎದೆ ಡವಡವ ಅನ್ನುತ್ತದಂತೆ. ಬಲವಂತ ಮಾಡಬಹುದೇ?

ಉತ್ತರ: ಬಲವಂತ ಬೇಡ. ಹಾಗಂತ ಒಳಗೇ ಬಿಡುವುದೂ ಬೇಡ. ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ ಬಿ.ಪಿ., ಇ.ಸಿ.ಜಿ., ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಈ ವಯಸ್ಸಿನಲ್ಲಿ ಎದೆಬಡಿತವನ್ನು ಬರೀ ಭಯ ಎಂದು ತೀರ್ಮಾನಿಸಬಾರದು.

ಆಮೇಲೆ ಕಿಟಕಿ ತೆಗೆಸಿ. ಕೋವಿಡ್‌ನಂಥ ಸೋಂಕು ಹೆಚ್ಚಾಗಿ ಹರಡುವುದು ಗಾಳಿಯಾಡದ ಕೋಣೆಯಲ್ಲಿ, ಹತ್ತಿರ ಕೂತು ಬಹಳ ಹೊತ್ತು ಮಾತಾಡಿದಾಗ. ಅತ್ತೆಗೆ ಇದನ್ನು ಹೇಳುವುದಕ್ಕಿಂತ ತೋರಿಸುವುದು ಸುಲಭ. ಬಾಗಿಲು ಹಾಕಿದ ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿ, ಹೊಗೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಲಿ. ಅದೇ ಊದುಬತ್ತಿಯನ್ನು ಜಗಲಿಗೆ ತಂದರೆ ಹೊಗೆ ಅಲ್ಲಲ್ಲೇ ಚದುರುತ್ತದೆ. ಉಸಿರಿನ ಸಣ್ಣ ಕಣಗಳೂ ಹೆಚ್ಚುಕಡಿಮೆ ಹಾಗೆಯೇ. ಮುಚ್ಚಿದ ಮನೆಯೊಳಗೆ ನೆಂಟರನ್ನು ಕೂರಿಸಿಕೊಳ್ಳುವುದಕ್ಕಿಂತ ಜಗಲಿಯ ಮಾತೇ ಕ್ಷೇಮ.

ಅವರು ಕಳೆದುಕೊಂಡಿರುವುದು ಸಣ್ಣದಲ್ಲ. ಹೂವಿನವರು ನಿಂತು ‘ಇವತ್ತು ಮೊಳ ಬೇಡ್ವಾ ಅಮ್ಮಾ?’ ಎನ್ನುವ ಅರ್ಧ ನಿಮಿಷವನ್ನು ಮಕ್ಕಳ ಫೋನು ತುಂಬಿಕೊಡುವುದಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇಂಥ ಸಡಿಲ ನಂಟುಗಳ ಬಲವನ್ನು ಗುರುತಿಸಿದ್ದರು. ಕೋವಿಡ್‌ನ ಮೊದಲ ವರ್ಷ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಒಂಟಿತನ ಅದಕ್ಕೆ ದೊಡ್ಡ ಕಾರಣ.

ಎದೆ ಹೊಡೆದುಕೊಂಡಾಗ ಒಳಗೆ ಓಡಿದರೆ ತಕ್ಷಣ ಹಾಯೆನಿಸುತ್ತದೆ. ತೊಡಕು ಅಲ್ಲೇ ಇದೆ: ‘ಒಳಗೆ ಬಂದಿದ್ದಕ್ಕೆ ಬದುಕಿದೆ’ ಎಂದು ಮನಸ್ಸು ಕಲಿಯುತ್ತದೆ, ಮರುದಿನ ಹೊಸಿಲೇ ಭಯ ಹುಟ್ಟಿಸುತ್ತದೆ. ಆದ್ದರಿಂದ ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಅವರನ್ನೇ ಕೇಳಿ. ಎಂಟು ಇದ್ದದ್ದು ನಾಲ್ಕಕ್ಕೆ ಇಳಿಯುವವರೆಗೆ ಕೂತಿರಲಿ. ಸಾಮಾನ್ಯವಾಗಿ ಅರ್ಧ ಗಂಟೆ, ಕೆಲವೊಮ್ಮೆ ಮುಕ್ಕಾಲು ಗಂಟೆ ಬೇಕಾಗುತ್ತದೆ.

ಮೊದಲ ನಾಲ್ಕು ದಿನ ಸಂಜೆ ಐದಕ್ಕೆ, ಬಾಗಿಲು ತೆರೆದು ಹೊಸಿಲ ಒಳಗೇ ಕುರ್ಚಿ ಹಾಕಿ. ಆಮೇಲೆ ಜಗಲಿ, ಮಾತಾಡುವವರು ಮೂರಡಿ ದೂರ ನಿಲ್ಲಲಿ. ನಂತರ ಬೀದಿಯ ಮೂರನೇ ಮನೆವರೆಗೆ ನಡಿಗೆ, ಅದು ಸಲೀಸಾದ ಮೇಲೆ ಹೂವಿನಂಗಡಿ. ಕಟ್ಟಿನಕೆರೆ ಮಾರುಕಟ್ಟೆ ಕಟ್ಟಕಡೆಗೆ, ಅದೂ ಜನ ಕಡಿಮೆಯಿರುವ ಹೊತ್ತಿನಲ್ಲಿ, ಮೂಗು ಮುಚ್ಚುವ ಮಾಸ್ಕ್ ಹಾಕಿಕೊಂಡು. ಎಷ್ಟೋ ಮನೆಯವರು ಮೊದಲ ದಿನವೇ ಮಾರುಕಟ್ಟೆಗೆ ಕರೆದೊಯ್ದು ಕೆಲಸ ಕೆಡಿಸುತ್ತಾರೆ. ‘ಏನೂ ಆಗಲ್ಲ’ ಎಂದು ಹತ್ತು ಸಲ ಹೇಳಿದರೂ ಅಷ್ಟೆ, ಹನ್ನೊಂದನೇ ಸಲ ಕೇಳಿಸಿಕೊಳ್ಳದೆ ಅವರಿಗೆ ಸಮಾಧಾನವಾಗದು. ಟಿ.ವಿ. ಸುದ್ದಿ ದಿನಕ್ಕೆ ಒಮ್ಮೆ, ಅರ್ಧ ಗಂಟೆ ಸಾಕು.

ನಿಜವಾಗಿಯೂ ಸೋಂಕು ಏರಿದರೆ ಮಾರುಕಟ್ಟೆ ನಿಲ್ಲಿಸಿ, ಜಗಲಿ ನಿಲ್ಲಿಸಬೇಡಿ. ಹೊರಬರುವುದಕ್ಕೇ ನಿರ್ಬಂಧ ಬಂದರೆ ಅದೇ ಹೊತ್ತಿಗೆ ತೆರೆದ ಕಿಟಕಿಯ ಪಕ್ಕ ಕೂರಿಸಿ.

ಎರಡು ವಾರ ಬಿಡದೆ ಬೇಸರ, ನಿದ್ರೆಗೇಡು, ಊಟ ಸೇರದಿರುವುದು ಕಂಡರೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಎರಡು ವಾರ ಕಾಯದೆ ಅಂದೇ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲ ವಾರ ನೀವು ಅವರ ಪಕ್ಕದಲ್ಲೇ ಕೂತಿರಿ. ಎರಡನೇ ವಾರದಿಂದ ಕರೆದರೆ ಕೇಳಿಸುವಷ್ಟು ದೂರದಲ್ಲಿ, ಅಡುಗೆಮನೆಯಲ್ಲಿರಿ.