ಮನೆಗೆ ವಕೀಲರು ಬೇಡ, ತೋಟಕ್ಕೆ ಬೇಕು

ಪ್ರಶ್ನೆ: ಮೇಡಂ, ನನಗೆ 69 ವರ್ಷ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. 1991ರಲ್ಲಿ ನನ್ನ ಸಂಬಳದಲ್ಲೇ 30×40 ಸೈಟು ಕೊಂಡು, ಆಮೇಲೆ ಮನೆ ಕಟ್ಟಿಸಿದೆ. ಯಜಮಾನರು ವಿಲ್ ಬರೆಯದೆ ತೀರಿಕೊಂಡು ಆರು ವರ್ಷವಾಯಿತು. ಅಣ್ಣತಮ್ಮಂದಿರ ಪಾಲಿನಲ್ಲಿ ಅವರಿಗೆ ಬಂದಿದ್ದ ಒಂದೂವರೆ ಎಕರೆ ತೆಂಗಿನ ತೋಟದ ಪಹಣಿ ಈಗ ನನ್ನ ಹೆಸರಿಗಿದೆ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಗಂಡನನ್ನು ಬಿಟ್ಟು ಬಂದು ನನ್ನ ಜೊತೆಗಿದ್ದಾಳೆ. ಮನೆ ಅವಳಿಗಿರಲಿ ಅಂತ ಆಸೆ. ಬ್ಯಾಂಕಿನ ಠೇವಣಿಗೆ ಮಗ ನಾಮಿನಿ, ಆದರೆ ಹಣ ಮೂವರಿಗೂ ಸಮ ಹೋಗಬೇಕು. ವಿಲ್‌ಗೆ ಛಾಪಾ ಕಾಗದ ಬೇಕು, ವಕೀಲರಿಲ್ಲದೆ ಆಗೋದಿಲ್ಲ ಅಂತಾರೆ. ನಾನೇ ಬರೆದರೆ ನಡೆಯುತ್ತದೆಯೇ?
— ಓದುಗರು, ತಿಪಟೂರು

ಉತ್ತರ: ನಡೆಯುತ್ತದೆ ಅಮ್ಮಾ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನಿಮ್ಮ ಕೈಯಲ್ಲೇ ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು; ಅಷ್ಟು ವರ್ಷ ಕರಿಹಲಗೆಯ ಮೇಲೆ ಬರೆದ ಅಕ್ಷರವನ್ನು ಗುರುತಿಸುವವರು ಊರಲ್ಲಿ ಎಷ್ಟೋ ಜನ ಇರುತ್ತಾರೆ. ನಾನು ವಕೀಲಳಾಗಿಯೇ ಹೇಳುತ್ತಿದ್ದೇನೆ, ಮನೆ ಮತ್ತು ಠೇವಣಿಯ ಮಟ್ಟಿಗೆ ನನ್ನಂಥವರಿಗೆ ಫೀಸು ಕೊಡಬೇಕಿಲ್ಲ. ತೋಟದ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಕಂಡಂತೆ ವಿಲ್‌ಗಳು ಬಿದ್ದುಹೋಗುವುದು ಸಾಕ್ಷಿಗಳ ಹತ್ತಿರ. ಕೆಲವು ವರ್ಷದ ಹಿಂದೆ ಒಂದು ಕೇಸಿನಲ್ಲಿ ವಿಲ್ ಪರವಾಗಿ ನಾನಿದ್ದೆ. ನೀಟಾಗಿ ಟೈಪಾದ ನಾಲ್ಕು ಹಾಳೆ, ಪ್ರತಿ ಹಾಳೆಯ ಕೆಳಗೂ ಅಜ್ಜನ ನಡುಗುವ ಸಹಿ. ಒಬ್ಬ ಸಾಕ್ಷಿ ತೀರಿಕೊಂಡಿದ್ದರು. ಉಳಿದವರು ಕಟಕಟೆ ಹತ್ತಿ, "ಅಜ್ಜ ಯಾವಾಗ ಸಹಿ ಹಾಕಿದ್ರೋ ಗೊತ್ತಿಲ್ಲ ಸ್ವಾಮಿ. ಅವರ ಮೊಮ್ಮಗ ಅಂಗಡಿಗೆ ಕಾಗದ ತಂದ, ಗಲ್ಲಾಪೆಟ್ಟಿಗೆ ಮೇಲಿಟ್ಟು ಹಾಕಿಕೊಟ್ಟೆ" ಅಂದರು. ಆ ಮನುಷ್ಯ ಸತ್ಯವನ್ನೇ ಹೇಳಿದ್ದರು. ಕೇಸು ಅಲ್ಲಿಗೇ ಮುಗಿಯಿತು. ಅಜ್ಜನ ಮನಸ್ಸಿನಲ್ಲಿದ್ದದ್ದು ಏನು ಅನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು, ಆದರೂ ಏನೂ ಮಾಡಲಾಗಲಿಲ್ಲ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿ ಬೇಕು. ನೀವು ಸಹಿ ಹಾಕುವುದನ್ನು ಅವರು ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಅಂತ ನಿಮ್ಮ ಬಾಯಿಂದಲೇ ಕೇಳಿರಬೇಕು. ಅವರೂ ನಿಮ್ಮ ಕಣ್ಣೆದುರೇ ಸಹಿ ಹಾಕಬೇಕು. ಅದಕ್ಕೇ ಇಬ್ಬರನ್ನೂ ಒಂದೇ ಹೊತ್ತಿಗೆ ಮನೆಗೆ ಕರೆದು, ಒಂದೇ ಮೇಜಿನ ಮುಂದೆ ಕೂರಿಸಿ, ಮೊದಲು ನೀವು ಹಾಳೆ ಹಾಳೆಗೂ ಸಹಿ ಮಾಡಿ. ಸಾಕ್ಷಿಗಳು ನಿಮಗಿಂತ ಹದಿನೈದಿಪ್ಪತ್ತು ವರ್ಷ ಚಿಕ್ಕವರಿರಲಿ, ನಿಮ್ಮ ಹಳೇ ವಿದ್ಯಾರ್ಥಿಗಳೇ ಆಗಬಹುದು. ಕಿರಿಯ ಮಗಳು ಸಾಕ್ಷಿಯಾಗುವುದು ಬೇಡ. ಓಡಾಟವನ್ನೂ ಅವಳಿಗೆ ವಹಿಸಬೇಡಿ. ಆಸ್ತಿ ಪಡೆಯುವವರ ಕಡೆಯವರೇ ಮುಂದೆ ನಿಂತು ವಿಲ್ ಮಾಡಿಸಿದರೆ ಕೋರ್ಟಿಗೆ ಸಂಶಯ ಬರುತ್ತದೆ. ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ 1958ರಲ್ಲಿ ತೀರ್ಮಾನವಾದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಆದದ್ದು ಇದೇ. ಇವತ್ತಿಗೂ ವಿಲ್ ವ್ಯಾಜ್ಯಗಳಲ್ಲಿ ಅದನ್ನೇ ಓದುತ್ತೇವೆ.

ನಿಮ್ಮ ದುಡಿಮೆಯ ಮನೆ ಪೂರ್ತಿ ನಿಮ್ಮದು, ಮಗನ ಒಪ್ಪಿಗೆ ಬೇಕಿಲ್ಲ. ಆದರೂ ಅದು ಕಿರಿಯವಳಿಗೇ ಯಾಕೆ ಅನ್ನುವುದನ್ನು ಎರಡು ಸಾಲಿನಲ್ಲಿ ಬರೆಯಿರಿ. ನಾಳೆ ಮಗ ಅದನ್ನು ಓದುವಾಗ ಅಮ್ಮನ ಮಾತು ಕೇಳಿದಂತಿರಬೇಕು. ಸೈಟಿನ ನಂಬರ್, ಚೆಕ್ಕುಬಂದಿಯನ್ನು ಕ್ರಯಪತ್ರದಲ್ಲಿ ಇದ್ದಹಾಗೇ ಇಳಿಸಿ. ಠೇವಣಿಗೆ ನಾಮಿನಿಯಾದ ಮಗ ಬ್ಯಾಂಕಿನಿಂದ ಹಣ ಪಡೆಯಬಹುದು, ಅಷ್ಟಕ್ಕೇ ಅದರ ಒಡೆಯನಾಗುವುದಿಲ್ಲ. "ನನ್ನ ಹೆಸರಿನ ಠೇವಣಿ ಎಲ್ಲೇ ಇರಲಿ, ಮೂವರು ಮಕ್ಕಳಿಗೂ ಸಮಪಾಲು" ಅಂತ ಬರೆದರೆ ಸಾಕು. ರಸೀದಿ ನಂಬರ್ ಹಾಕಲು ಹೋಗಬೇಡಿ, ನವೀಕರಣವಾದಾಗ ಬದಲಾಗಬಹುದು.

ನೋಂದಣಿ ಕಡ್ಡಾಯವಲ್ಲ. ಮಗನಿಗೆ ಮನೆ ಹೋಗುತ್ತಿಲ್ಲವಾದ್ದರಿಂದ ನೀವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ, ನಿಮ್ಮ ಬುದ್ಧಿ ಸ್ವಸ್ಥವಾಗಿದೆ ಅನ್ನುವ ಅದೇ ವಾರದ ವೈದ್ಯರ ಸರ್ಟಿಫಿಕೇಟೂ ಜೊತೆಗಿರಲಿ. ನೋಂದಣಿಯಾದ ಮೇಲೂ ವಿಲ್ ಬದಲಾಯಿಸಬಹುದು.

ಇನ್ನು ತೋಟ. ಪಹಣಿ ನಿಮ್ಮ ಹೆಸರಿಗೆ ಬಂದ ಮಾತ್ರಕ್ಕೆ ಅರವತ್ತು ಗುಂಟೆಯೂ ನಿಮ್ಮದಾಗಲಿಲ್ಲ ಅಮ್ಮಾ. ಯಜಮಾನರು ವಿಲ್ ಬರೆದಿರಲಿಲ್ಲ, ಹಾಗಾಗಿ ಮೂವರು ಮಕ್ಕಳಿಗೂ ಅದರಲ್ಲಿ ಪಾಲಿದೆ. ಅಣ್ಣತಮ್ಮಂದಿರ ಪಾಲಿನಲ್ಲಿ ಬಂದದ್ದು ಪಿತ್ರಾರ್ಜಿತವಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಮಗನಷ್ಟೇ ಹುಟ್ಟಿನ ಹಕ್ಕು. ನಿಮಗೆ ಎಷ್ಟು ಗುಂಟೆ ಉಳಿಯುತ್ತದೆಯೋ ಅಷ್ಟನ್ನು ಮಾತ್ರ ನೀವು ಬರೆದುಕೊಡಬಹುದು. ಈ ಲೆಕ್ಕಕ್ಕೆ ಸಿವಿಲ್ ವಕೀಲರ ಹತ್ತಿರ ಹೋಗಲೇಬೇಕು. ಪಾಲುಪತ್ರ, ವಂಶವೃಕ್ಷ, ಯಜಮಾನರ ಮರಣ ಪ್ರಮಾಣಪತ್ರ, ಪಹಣಿ ಬದಲಾದಾಗಿನ ಮ್ಯುಟೇಶನ್ ಪ್ರತಿ ಒಯ್ಯಿರಿ, ಫೀಸು ಎಷ್ಟು ಅಂತ ಮೊದಲೇ ಕೇಳಿ.

ಆ ಲೆಕ್ಕ ಮುಗಿಯಲಿ ಅಂತ ಮನೆಯ ವಿಲ್ ತಡೆಯಬೇಡಿ. ತೋಟ ಸೇರಿಸಿ ಮುಂದೆ ಹೊಸ ವಿಲ್ ಬರೆಯುವಾಗ ಮನೆ, ಠೇವಣಿಯ ಸಾಲುಗಳನ್ನೂ ಅದರಲ್ಲಿ ಮತ್ತೆ ಬರೆಯಿರಿ.