ಓದುಗರ ಪ್ರಶ್ನೆ: ಹತ್ತನೇ ಪುಸ್ತಕದಲ್ಲಿ ಕಥೆ ಯಾಕೆ ನಿಂತುಬಿಡುತ್ತೆ?

ಪ್ರಶ್ನೆ: ಮೇಡಂ, ಕಳೆದ ವರ್ಷ ರಾಬರ್ಟ್ ಜೋರ್ಡಾನ್ ಅವರ 'ವೀಲ್ ಆಫ್ ಟೈಮ್' ಅನ್ನೋ ಫ್ಯಾಂಟಸಿ ಕಾದಂಬರಿ ಸರಣಿ ಶುರು ಮಾಡಿದೆ. ಮೊದಲ ಆರು ಪುಸ್ತಕಗಳನ್ನು ನಿದ್ದೆಗೆಟ್ಟು ಓದಿದೆ. ಏಳನೆಯದರಿಂದ ಯಾಕೋ ಕಥೆ ಕಾಲೆಳೆಯೋಕೆ ಶುರುವಾಯ್ತು. ಈಗ ಹತ್ತನೆಯದಾದ 'ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್'ನಲ್ಲಿ ನಿಂತುಬಿಟ್ಟಿದ್ದೇನೆ. ಮುಖ್ಯ ಪಾತ್ರಗಳಲ್ಲಿ ಒಬ್ಬನಾದ ಪೆರಿನ್‌ನ ಹೆಂಡತಿಯನ್ನು ಶತ್ರುಗಳು ಹೊತ್ತುಕೊಂಡು ಹೋಗಿದ್ದಾರೆ. ಅವನು ನೋಡಿದರೆ ಸೋ ಹಾಬರ್ ಅನ್ನೋ ಊರಲ್ಲಿ ಧಾನ್ಯ ಕೊಳ್ಳುತ್ತಾ ಕೂತಿದ್ದಾನೆ! ಆ ಅಧ್ಯಾಯ ಮುಗಿಸಿ ಪುಸ್ತಕ ಮಡಚಿಟ್ಟವನು ಮೂರು ತಿಂಗಳಿಂದ ಮುಟ್ಟಿಲ್ಲ. ಇಷ್ಟು ದೂರ ಬಂದು ಬಿಡೋಕೆ ಮನಸ್ಸಿಲ್ಲ, ಮುಂದೆ ಓದೋಕೂ ಆಗ್ತಿಲ್ಲ. ಲೇಖಕರು ಬೇಕಂತಲೇ ಎಳೆದಿದ್ದಾರಾ? ಅಥವಾ ನನಗೇ ತಾಳ್ಮೆ ಕಮ್ಮಿಯಾ?

ಉತ್ತರ: ಒಂಬತ್ತು ದಪ್ಪ ಪುಸ್ತಕ ಮುಗಿಸಿದವರಿಗೆ ತಾಳ್ಮೆ ಕಮ್ಮಿ ಅಂತ ಯಾರೂ ಹೇಳುವ ಹಾಗಿಲ್ಲ. ನೀವೂ ಹಾಗೆ ಅಂದುಕೊಳ್ಳಬೇಡಿ. ನೀವು ನಿಂತ ಪುಸ್ತಕದಲ್ಲೇ ನಾನೂ ಸಿಟ್ಟಾಗಿದ್ದೆ, ಅದೂ ಎರಡು ವರ್ಷ ಕಾದು ಕೂತ ಮೇಲೆ.

ನಾನು ಈ ಸರಣಿಯನ್ನು ಪುಸ್ತಕಗಳು ಬಂದ ಹಾಗೇ ಓದಿದವಳು. ಒಂಬತ್ತನೆಯದು ಬಂದಿದ್ದು 2000ದ ನವೆಂಬರಿನಲ್ಲಿ. ಅದರ ಕೊನೆ ನಿಮಗೆ ಗೊತ್ತೇ ಇದೆ. ಗಂಡಸರು ಬಳಸುವ ಮಾಂತ್ರಿಕ ಶಕ್ತಿಗೆ ವಿಷ ತಗುಲಿದೆ, ಅದನ್ನು ಮುಟ್ಟಿದವರಿಗೆಲ್ಲ ಹುಚ್ಚು ಹಿಡಿಯುತ್ತೆ. ಮೊದಲ ಪುಸ್ತಕದ ಮೊದಲ ಪುಟಗಳಿಂದಲೂ ತಲೆಯ ಮೇಲೆ ತೂಗುತ್ತಿದ್ದ ಆ ವಿಷವನ್ನು ಕಥಾನಾಯಕ ರಾಂಡ್ ಮತ್ತು ಅವನ ಊರಿನ ನೈನೀವ್ ಸೇರಿ ತೊಳೆದುಹಾಕುತ್ತಾರೆ. ಆ ಪುಟಗಳನ್ನು ಓದಿದಾಗ ನನಗೆ ಕೂತಲ್ಲಿ ಕೂರೋಕೆ ಆಗಲಿಲ್ಲ. ಮುಂದೇನು? ಹುಚ್ಚಿನ ಅಂಚಿನಲ್ಲಿದ್ದವರು ಉಳಿಯುತ್ತಾರಾ? ಜಗತ್ತು ಇದನ್ನು ನಂಬುತ್ತಾ? ಈ ಪ್ರಶ್ನೆಗಳನ್ನು ಹೊತ್ತುಕೊಂಡು 2003ರ ಜನವರಿವರೆಗೆ ಕಾದೆ.

ಹತ್ತನೇ ಪುಸ್ತಕ ತೆರೆದರೆ ಕಥೆ ಹಿಂದಕ್ಕೆ ಹೋಗಿತ್ತು. ಅದರ ದೊಡ್ಡ ಭಾಗ ನಡೆಯೋದು ಒಂಬತ್ತನೆಯದರ ಕೊನೆಯ ಹೊತ್ತಿನಲ್ಲೇ. ಮ್ಯಾಟ್ ಒಂದು ಕಡೆ, ಪೆರಿನ್ ಇನ್ನೊಂದು ಕಡೆ, ಎಲೇನ್ ಅರಮನೆಯಲ್ಲಿ, ಎಗ್ವೇನ್ ಸೈನ್ಯದ ಬಿಡಾರದಲ್ಲಿ. ದೂರದಲ್ಲಿ ಎಲ್ಲೋ ಭಾರಿ ಶಕ್ತಿ ಉಪಯೋಗವಾಗುತ್ತಿದೆ ಅಂತ ಒಂದೊಂದು ಜಾಗದಲ್ಲೂ ಗಾಬರಿ. ಏನದು? ಯಾರು ಮಾಡ್ತಿದ್ದಾರೆ? ನಮಗೆ ಗೊತ್ತು. ಅವರಿಗೆ ಗೊತ್ತಿಲ್ಲ. ನಾವು ಊರು ತಲುಪಿ ಆಗಿದೆ, ಕಥೆ ಇನ್ನೂ ಹಿಂದಿನ ತಿರುವಿನಲ್ಲೇ ಇದೆ. ಉತ್ತರ ಗೊತ್ತಿರುವ ರಾಂಡ್ ಇಡೀ ಪುಸ್ತಕದಲ್ಲಿ ಕಾಣಿಸೋದೇ ಅಪರೂಪ. ನಿಮಗೆ ಕಥೆ ನಿಂತ ಹಾಗೆ ಅನ್ನಿಸಿದ್ದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ಅನಿಸಿಕೆ. ಪುಟ ಜಾಸ್ತಿ ಅನ್ನೋದು ಆಮೇಲಿನ ಮಾತು. ನಾಲ್ಕನೇ ಪುಸ್ತಕವೇನು ಸಣ್ಣದಾ? ಅದನ್ನು ನೀವು ನಿದ್ದೆಗೆಟ್ಟು ಓದಿದ್ದೀರಿ, ಅಲ್ವಾ?

ಬೇಕಂತಲೇ ಎಳೆದರಾ ಅಂತ ಕೇಳಿದ್ದೀರಿ. ನನಗೆ ಹಾಗೆ ಅನ್ನಿಸೋದಿಲ್ಲ. ಮೊದಲ ಪುಸ್ತಕದಲ್ಲಿ ಹೆಚ್ಚಿನವರು ಒಂದೇ ಹಳ್ಳಿಯಿಂದ ಒಟ್ಟಿಗೆ ಹೊರಟವರು. ಒಬ್ಬ ಹೆಜ್ಜೆ ಇಟ್ಟರೆ ಇಡೀ ಕಥೆ ಹೆಜ್ಜೆ ಇಡುತ್ತಿತ್ತು. ಆಮೇಲೆ ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಹೋದರು. ಒಬ್ಬೊಬ್ಬರ ಸುತ್ತಲೂ ಒಂದೊಂದು ಸೈನ್ಯ, ಒಂದೊಂದು ಅರಮನೆ, ಹತ್ತಾರು ಹೊಸ ಹೆಸರು. ಒಂದು ಪುಸ್ತಕದಲ್ಲಿ ಎಲ್ಲರಿಗೂ ಪಾಲು ಹಂಚಿದರೆ ಒಬ್ಬೊಬ್ಬರಿಗೆ ಸಿಗೋದು ಅರ್ಧ ಹೆಜ್ಜೆ. ಮೊದಲ ಪುಸ್ತಕ ಬಂದಿದ್ದು 1990ರಲ್ಲಿ. ಆಗ ಇದು 14 ಪುಸ್ತಕವಾಗಿ ಬೆಳೆಯುತ್ತೆ ಅಂತ ಜೋರ್ಡಾನ್ ಅವರಿಗೂ ಅಂದಾಜಿರಲಿಲ್ಲ. ಬೆಳೆಸಿದ ಯಾವ ಪಾತ್ರವನ್ನೂ ಅವರಿಗೆ ಕೈಬಿಡಲಾಗಲಿಲ್ಲ. ಆ ಪ್ರೀತಿ ನನಗೆ ಅರ್ಥವಾಗುತ್ತೆ. ಆದರೂ ಹತ್ತನೆಯದರಲ್ಲಿ ಅವರು ಓದುಗರಿಂದ ಕೇಳಿದ್ದು ಜಾಸ್ತಿಯೇ ಆಯಿತು.

ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದು ಕೂತೆ. ಒಂದೊಂದು ಅಧ್ಯಾಯ ಮುಗಿದಾಗಲೂ ಒಂದೇ ಪ್ರಶ್ನೆ ಹಾಕಿಕೊಂಡೆ. ಇದು ಇಲ್ಲದಿದ್ದರೆ ಏನು ಹೋಗುತ್ತಿತ್ತು? ಏನೂ ಹೋಗಲ್ಲ ಅನ್ನಿಸಿದರೆ ಅಧ್ಯಾಯದ ಹೆಸರಿನ ಪಕ್ಕ ಒಂದು ಗೀಟು. ಎಲೇನ್‌ಳ ಅಧ್ಯಾಯಗಳ ಪಕ್ಕದಲ್ಲೆಲ್ಲ ಗೀಟೇ ಇದೆ. ಸಿಂಹಾಸನಕ್ಕೆ ಯಾವ ಮನೆತನ ಬೆಂಬಲ ಕೊಡುತ್ತೆ ಅನ್ನೋ ಲೆಕ್ಕ ಹನ್ನೊಂದನೇ ಪುಸ್ತಕದವರೆಗೂ ನಡೆಯುತ್ತೆ. ನಡುವೆ ಸ್ನಾನ, ಉಡುಪು, ಮಾತುಕತೆ, ಮತ್ತೆ ಮಾತುಕತೆ. ಅವುಗಳನ್ನು ಕಣ್ಣಾಡಿಸಿ ದಾಟಿ. ಏನೂ ಕಳೆದುಕೊಳ್ಳೋದಿಲ್ಲ.

ಆದರೆ ನೀವು ಸಿಟ್ಟಾಗಿ ಮಡಚಿಟ್ಟ ಆ ಧಾನ್ಯದ ಅಧ್ಯಾಯದ ಪಕ್ಕದಲ್ಲಿ ನಾನು ಗೀಟು ಎಳೆದಿಲ್ಲ. ಅದನ್ನೊಮ್ಮೆ ನೆನಪು ಮಾಡಿಕೊಳ್ಳಿ. ಊರಿನವರ ಬಟ್ಟೆ ಕೊಳಕು, ಮೈ ಕೊಳಕು. ಅವರ ಮುಖದಲ್ಲಿ ಏನೋ ಭಯ. ಸತ್ತವರು ಓಡಾಡುವ ಊರು ಅದು. ಧಾನ್ಯಕ್ಕೆ ಹುಳ ಹಿಡಿದಿದೆ. ಆ ಚಳಿಯಲ್ಲಿ ಅದನ್ನೆಲ್ಲ ಹರಡಿ, ತೂರಿ, ಹುಳ ಬೇರೆ ಮಾಡಿ ಗಾಡಿಗೆ ತುಂಬಬೇಕು. ಪೆರಿನ್‌ನ ತಲೆಯಲ್ಲಿ ಇರೋದು ಹೆಂಡತಿ ಮಾತ್ರ. ಆದರೆ ಅವನ ಹಿಂದೆ ಹಸಿದ ಸಾವಿರಾರು ಜನ ಇದ್ದಾರೆ. ಅವರ ಹೊಟ್ಟೆ ತುಂಬದೆ ಸೈನ್ಯ ಮುಂದೆ ಹೋಗಲ್ಲ. ಒಂದೊಂದು ಮೂಟೆ ತುಂಬುವಾಗಲೂ ಅವಳಿಂದ ಒಂದೊಂದು ಗಳಿಗೆ ಕಿತ್ತುಕೊಂಡ ಹಾಗೆ. 'ಬೇಗ ಹೊರಡೋ ಮಾರಾಯ' ಅಂತ ನಮಗೆ ಕಿರುಚಬೇಕು ಅನ್ನಿಸುತ್ತೆ. ಅವನ ಒಳಗೂ ಅದೇ ಕಿರುಚಾಟ. ಅಲ್ಲಿ ಕಥೆಯೂ ಪೆರಿನ್‌ನೂ ಒಂದೇ ಕಡೆ ಸಿಕ್ಕಿಬಿದ್ದಿದ್ದಾರೆ. ಎಲೇನ್‌ಳ ನಿಧಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಈಗ ಮೊದಲ ಪುಸ್ತಕಕ್ಕೆ ಹೋಗಿ. ಪೆರಿನ್ ತೋಳಗಳ ಜೊತೆ ತಿರುಗುವ ಎಲಾಯಸ್‌ನನ್ನು ಭೇಟಿಯಾಗುತ್ತಾನೆ. ಸೊಂಟದಲ್ಲಿರುವ ಕೊಡಲಿಯನ್ನು ಕಂಡರೆ ಪೆರಿನ್‌ಗೆ ಆಗೋದಿಲ್ಲ, ಬಿಸಾಡಬೇಕು ಅಂತಿರುತ್ತಾನೆ. ಬೇಡ, ಇಟ್ಟುಕೋ ಅಂತಾನೆ ಎಲಾಯಸ್. ಅದನ್ನು ದ್ವೇಷಿಸುತ್ತಾ ಇರುವಷ್ಟು ದಿನವೂ ನೀನು ಯೋಚಿಸಿಯೇ ಬಳಸುತ್ತೀಯ, ಆ ದ್ವೇಷ ಹೋದ ದಿನ ದೂರ ಎಸೆದು ಓಡಿಬಿಡು ಅನ್ನೋ ಅರ್ಥದಲ್ಲಿ ಮಾತಾಡುತ್ತಾನೆ. ಅದು 1990ರಲ್ಲಿ ಅಚ್ಚಾದ ಮಾತು. ನೀವು ನಿಂತಿರೋದು ಹತ್ತನೇ ಪುಸ್ತಕದ 26ನೇ ಅಧ್ಯಾಯದ ಕೊನೆಯಲ್ಲಿ. ಮುಂದಿನದು 27. ಅಲ್ಲಿ ಏನಾಗುತ್ತೆ ಅಂತ ನಾನು ಹೇಳೋದಿಲ್ಲ. ಎಲಾಯಸ್‌ನ ಮಾತನ್ನು ನೆನಪಿಟ್ಟುಕೊಂಡು ಓದಿ, ಅಷ್ಟೇ. ಆ ಅಧ್ಯಾಯ ಮುಗಿಸಿ ನಾನು ಪುಸ್ತಕವನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಎಳೆ ಅಷ್ಟು ಉದ್ದ ಬಂದಿದ್ದಕ್ಕೇ ಆ ಏಟು ಅಷ್ಟು ಜೋರಾಗಿ ಬಿತ್ತು. ಮೂರು ಪುಸ್ತಕದ ಕಥೆಯಲ್ಲಿ ಹಾಗೆ ಬೀಳುತ್ತಿರಲಿಲ್ಲ.

ಆಮೇಲೆ ಉಳಿಯೋದು ಮೂರೇ ಅಧ್ಯಾಯ, ಒಂದು ಸಣ್ಣ ಕೊನೆಯ ತುಣುಕು. ಎಗ್ವೇನ್‌ಳ ವಿಷಯದಲ್ಲಿ ಒಂದು ಜೋರಾದ ತಿರುವೂ ಇದೆ. ಮುಗಿಸಿದ ಕೂಡಲೇ, ಬಿಡುವು ಕೊಡದೆ, ಹನ್ನೊಂದನೆಯದು ಹಿಡಿಯಿರಿ. 2005ರಲ್ಲಿ ಬಂದ 'ನೈಫ್ ಆಫ್ ಡ್ರೀಮ್ಸ್' ಅದು. ಕಟ್ಟಿಟ್ಟ ಗಂಟುಗಳು ಒಂದೊಂದಾಗಿ ಬಿಚ್ಚೋಕೆ ಶುರುವಾಗುತ್ತವೆ. ಪೆರಿನ್‌ನ ಹೆಂಡತಿಯ ವಿಷಯ ಇತ್ಯರ್ಥವಾಗೋದೂ ಅಲ್ಲೇ. ಒಂಬತ್ತರಲ್ಲಿ ಹೊತ್ತೊಯ್ದಿದ್ದು, ಹನ್ನೊಂದರಲ್ಲಿ ಇತ್ಯರ್ಥ. ನನಗೆ ಅದು ಐದು ವರ್ಷ. ನಿಮಗೆ ಐದು ವಾರ ಸಾಕು.

ಪ್ರಶ್ನೆ: ಜಾರ್ಜ್ ಆರ್.ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯ ನಾಲ್ಕನೇ ಪುಸ್ತಕ 'ಎ ಫೀಸ್ಟ್ ಫಾರ್ ಕ್ರೋಸ್' ಓದುತ್ತಿದ್ದೇನೆ. ಅರ್ಧ ಪುಸ್ತಕ ಆಯಿತು, ಟಿರಿಯನ್ ಇಲ್ಲ, ಜಾನ್ ಇಲ್ಲ, ಡೆನೇರಿಸ್ ಇಲ್ಲ. ಬ್ರಿಯೆನ್ ಸುಮ್ನೆ ಊರೂರು ಅಲೆಯುತ್ತಿದ್ದಾಳೆ. ಮುಂದೆ ಬರುತ್ತಾರಾ?

ಉತ್ತರ: ಈ ಪುಸ್ತಕದಲ್ಲಿ ಆ ಮೂವರ ಅಧ್ಯಾಯಗಳು ಇಲ್ಲ. ಕಾಯಬೇಡಿ. ಬರೆದಿದ್ದು ಒಂದು ಪುಸ್ತಕಕ್ಕೆ ಹಿಡಿಸದಷ್ಟು ಬೆಳೆದಾಗ ಮಾರ್ಟಿನ್ ಅದನ್ನು ಪಾತ್ರ ಮತ್ತು ಜಾಗದ ಲೆಕ್ಕದಲ್ಲಿ ಎರಡು ಮಾಡಿದರು. ನಾಲ್ಕನೆಯದು 2005ರಲ್ಲಿ ಬಂತು. ನೀವು ಹುಡುಕುತ್ತಿರುವವರು ಇರೋದು 2011ರ ಐದನೆಯದರಲ್ಲಿ. ಎರಡೂ ಬಹಳಷ್ಟು ಭಾಗ ಒಂದೇ ಕಾಲದಲ್ಲಿ ನಡೆಯುತ್ತವೆ. ಕಥೆಯಲ್ಲಿ ಐದು ವರ್ಷ ಹಾರಿ ಮುಂದೆ ಹೋಗಬೇಕು ಅನ್ನೋ ಯೋಜನೆ ಮೊದಲು ಅವರಿಗಿತ್ತು. ಅದನ್ನು ಕೈಬಿಟ್ಟಾಗ ನಡುವಿನ ದಿನಗಳನ್ನೆಲ್ಲ ಬರೆಯಬೇಕಾಯಿತು.

ಬ್ರಿಯೆನ್ ಹುಡುಕುತ್ತಿರುವ ಸಾನ್ಸಾ ಅನ್ನೋ ಹುಡುಗಿ ಎಲ್ಲಿದ್ದಾಳೆ ಅಂತ ನಮಗೆ ಮೊದಲೇ ಗೊತ್ತು. ಅದಕ್ಕೇ ಆ ಅಲೆದಾಟ ಬೇಸರ ತರಿಸುತ್ತೆ. ಆದರೂ ಅದನ್ನು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ದಾರಿಯಲ್ಲಿ ಅವಳಿಗೆ ಮೆರಿಬಾಲ್ಡ್ ಅನ್ನೋ ಬರಿಗಾಲ ಪೂಜಾರಿ ಸಿಗುತ್ತಾನೆ. ಯುದ್ಧಕ್ಕೆ ಹೋದ ಬಡ ಹುಡುಗರು ಹೇಗೆ ಕಳ್ಳರಾಗಿ ಉಳಿದುಬಿಡುತ್ತಾರೆ ಅಂತ ಅವನು ಒಂದು ದೊಡ್ಡ ಮಾತು ಆಡುತ್ತಾನೆ. ಹಿಂದಿನ ಮೂರು ಪುಸ್ತಕದ ಯುದ್ಧಗಳೆಲ್ಲ ಅದನ್ನು ಓದಿದ ಮೇಲೆ ನನಗೆ ಬೇರೆಯೇ ಆಗಿ ಕಂಡವು.

ಪ್ರಶ್ನೆ: 'ವೀಲ್ ಆಫ್ ಟೈಮ್' ಕೊನೆಯ ಪುಸ್ತಕಗಳನ್ನು ಬೇರೆಯವರು ಬರೆದಿದ್ದಾರಂತೆ. ಓದಬಹುದಾ?

ಉತ್ತರ: ಧಾರಾಳವಾಗಿ ಓದಿ. ಜೋರ್ಡಾನ್ 2007ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕಾಯಿಲೆಯಲ್ಲಿದ್ದಾಗಲೂ ಟಿಪ್ಪಣಿ ಮಾಡಿಟ್ಟರು, ಮುಂದಿನ ಕಥೆಯನ್ನು ಮನೆಯವರಿಗೆ ಹೇಳಿದರು. ಅವರ ಪುಸ್ತಕಗಳನ್ನು ತಿದ್ದುತ್ತಿದ್ದ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರೇ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರನ್ನು ಆರಿಸಿದರು. ಒಂದೇ ಪುಸ್ತಕ ಅಂದುಕೊಂಡಿದ್ದು 2009, 2010, 2013ರಲ್ಲಿ ಮೂರಾಗಿ ಬಂತು. ಮೂರೂ ಓಡುತ್ತವೆ. ಮ್ಯಾಟ್‌ನ ಮಾತು ಶುರುವಿನಲ್ಲಿ ಸ್ವಲ್ಪ ಬೇರೆ ಯಾರದ್ದೋ ಹಾಗೆ ಕೇಳಿಸುತ್ತೆ, ಆಮೇಲೆ ಸರಿಹೋಗುತ್ತೆ. ಕೊನೆಯ ದೃಶ್ಯ ಮಾತ್ರ ಜೋರ್ಡಾನ್ ಅವರದೇ. ಹೋಗುವ ಮೊದಲೇ ಅದನ್ನು ಬರೆದಿಟ್ಟಿದ್ದರು.